ಎಣಿಕೆಗೆ ಬಾರದ ಕೋಣೆ

ಸ್ಯಾಂಡ್‌ವಿಕೆನ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಬ್ಯೋರ್ಕ್‌ಹಮ್ಮರ್ ಎಂಬ ಸ್ವೀಡನ್ನಿನ ಒಂದು ಪುಟ್ಟ ಪಟ್ಟಣ ಸಿಗುತ್ತದೆ. ಅಲ್ಲಿ ಕೊಮ್ಮೂನು, ಎಂದರೆ ಊರಿನ ಆಡಳಿತ, ಕಟ್ಟಿಸಿ ಬಾಡಿಗೆಗೆ ಕೊಟ್ಟ ಹಳದಿ ಇಟ್ಟಿಗೆಯ ಕಟ್ಟಡಗಳ ಒಂದು ಸಾಲಿದೆ. ಆ ಸಾಲಿನ ನಾಲ್ಕನೆಯ ಕಟ್ಟಡದ ಮೂರನೆಯ ಮಹಡಿಯಿಂದ ಇಪ್ಪತ್ತೇಳು ವರ್ಷಗಳ ಕಾಲ, ವಾರಕ್ಕೆ ಮೂರು ದಿನ, ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತಿತ್ತು. ಬಡಿಯುತ್ತಿದ್ದವರು ಶಕುಂತಲಮ್ಮ. ಮೊದಲ ವರ್ಷ ಕೆಳಮನೆಯ ಬೆರ್ಗ್‌ಲುಂಡ್ ಎಂಬ ಮುದುಕ, ಮೇಲೆ ಯಾರೋ ಅನುಮತಿಯಿಲ್ಲದೆ ಬಡಗಿ ಕೆಲಸ ನಡೆಸಿದ್ದಾರೆಂದು ವಸತಿ ಸಂಸ್ಥೆಗೆ ದೂರು ಬರೆದ. ದೂರಿನ ಪ್ರತಿ ಕೈಗೆ ಬಂದ ಸಂಜೆಯೇ ಶಕುಂತಲಮ್ಮ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ ಹಿಡಿದು ಅವನ ಬಾಗಿಲು ತಟ್ಟಿ, "ನಾನು ಮಾಡುವ ಮೇಜು ಇದೇ ನೋಡಿ" ಎಂದಿದ್ದರು. ಅಂದಿನಿಂದ ಸಾಯುವವರೆಗೂ, ಸಪ್ಪಳ ಕೇಳದ ದಿನ ಆ ಮುದುಕನೇ ಮೇಲೆ ಹತ್ತಿ ಬಂದು ಆರೋಗ್ಯ ವಿಚಾರಿಸಿ ಹೋಗುತ್ತಿದ್ದ.

ಕಳೆದ ಮಾರ್ಚಿನಲ್ಲಿ ಆ ಸಪ್ಪಳ ನಡುವೆಯೇ ನಿಂತಿತು. ಅದನ್ನು ನಿಲ್ಲಿಸಿದ್ದು ಒಂದು ಕಾಗದ.

ಶಕುಂತಲಮ್ಮನ ಪತಿ ಲಿಂಗರಾಜರು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಎರಡು ಸಲ ಓದಿದರು. ಉಕ್ಕಿನ ಉಪಕರಣಗಳಿಗೆ ಸಾಣೆ ಹಿಡಿಯುವ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದ ಮನುಷ್ಯ. ಕಿವಿ ಮಂದ, ಮಾತು ಮೆದು. ವಸತಿ ಸಂಸ್ಥೆಯ ಕಾಗದ ಹೇಳಿದ್ದಿಷ್ಟು: ಕಟ್ಟಡದ ಹಳೆಯ ಕೊಳವೆಗಳನ್ನೆಲ್ಲ ಕಿತ್ತು ಹೊಸದು ಹಾಕುವ ಕಾರಣ ಸೆಪ್ಟೆಂಬರಿನೊಳಗೆ ಎಲ್ಲರೂ ಮನೆ ಬಿಡಬೇಕು. ಹೊಸದಾಗಿ ಮನೆ ಹಂಚುವಾಗ ತಲೆಗಳ ಎಣಿಕೆಯಂತೆ ಹಂಚಲಾಗುವುದು. ನಿಮ್ಮ ಮನೆಯಲ್ಲಿ ಇಬ್ಬರಿಗೆ ಮೂರು ಕೋಣೆಗಳಿದ್ದು, ಅವುಗಳಲ್ಲಿ ಒಂದು ಖಾಲಿ ಇರುವುದರಿಂದ, ನಿಮಗೆ ಎರಡು ಕೋಣೆಗಳ ಮನೆ ಗೊತ್ತುಮಾಡಿದೆ. ಕೊನೆಯಲ್ಲಿ, ಬೆಚ್ಚಗಿನ ವಂದನೆಗಳು.

"ಯಾವ ಕೋಣಿ ಖಾಲಿ ಐತಂತ?" ಶಕುಂತಲಮ್ಮ ಕೇಳಿದರು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡುತ್ತಿತ್ತು.

"ಸಣ್ಣದು."

"ಸಣ್ಣದು ಖಾಲಿ?"

"ಕಾಗದ ಹಂಗಂತತಿ. ನನ್ಯಾಕ ಕೇಳ್ತಿ?"

ಆ ದಿನ ಆ ಮನೆಯಲ್ಲಿ ಮೊದಲ ಬಾರಿಗೆ ರೊಟ್ಟಿ ಸೀದು ಕಪ್ಪಾಯಿತು.

ಸಣ್ಣ ಕೋಣೆಯೆಂದರೆ ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಒಂದು ಕಬ್ಬಿಣದ ಮಂಚ, ಒಂದು ಮೇಜು, ಬಾಗಿಲ ಹಿಂದೆ ಕೋಟು ತೂಗಿಸುವ ಮೊಳೆ, ಮೇಜಿನ ಖಾನೆಯಲ್ಲಿ ಸದಾ ಒಗೆದು ಮಡಿಸಿಟ್ಟ ಉಣ್ಣೆಯ ಕಾಲುಚೀಲಗಳ ಒಂದು ಜೊತೆ. ಮಗಳು ದೀಪ್ತಿ ಹತ್ತೊಂಬತ್ತನೆಯ ವಯಸ್ಸಿಗೆ ಓದಲೆಂದು ಯೋತೆಬೊರಿಗೆ ಹೋಗಿ ಅಲ್ಲಿಯೇ ನೆಲೆಸಿದ ಮೇಲೆ, ಕೆಲಸದ ಪರವಾನಗಿ ಹಿಡಿದು ಬಂದು ಸೂರು ಸಿಗದೆ ಅಲೆಯುವ ನಮ್ಮ ಕಡೆಯ ಮಕ್ಕಳಿಗೆ ಆ ಮಂಚ ಮೀಸಲಾಯಿತು. ಸ್ವೀಡನ್ನಿನಲ್ಲಿ ಕೆಲಸ ಸಿಗುವುದು ಒಂದು ಪುಣ್ಯವಾದರೆ ಬಾಡಿಗೆ ಮನೆ ಸಿಗುವುದು ಹತ್ತು ಜನ್ಮದ ಪುಣ್ಯ; ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಕಾಯುವಷ್ಟು ಕಾಲ ಎಲ್ಲಿ ಮಲಗುವುದು? ಮೂರನೆಯ ಮಹಡಿಯ ಆ ಸಣ್ಣ ಕೋಣೆಯಲ್ಲಿ. ಬೆಂಗಳೂರಿನ ವರ್ಷಾ ಏಳು ತಿಂಗಳ ಬಸುರಿಯಾಗಿ ಅಲ್ಲಿಗೆ ಬಂದು ಹನ್ನೊಂದು ವಾರ ಇದ್ದಳು; ಸೀಮಂತವೂ ಅಲ್ಲಿಯೇ ನಡೆಯಿತು. ಸುಹಾಸ್ ಜನವರಿಯ ಹಿಮದಲ್ಲಿ ಕ್ಯಾನ್ವಾಸ್ ಬೂಟು ತೊಟ್ಟು ಬಂದವನು ಜೂನಿನಲ್ಲಿ ಹೊರಟ. ಕರಾವಳಿಯ ಮೆಲ್ವಿನ್ ಎರಡು ವಾರ ಸುಮ್ಮನೆ ಉಂಡು, ಮೂರನೆಯ ವಾರ ಮೀನಿಲ್ಲದೆ ಊಟ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅಳುವವನ ಹಾಗೆ ಹೇಳಿದ್ದ. "ಮನ್ಯಾಗ ಮೀನ ಬರೂದಿಲ್ಲಪಾ. ಬಾಲ್ಕನಿ ಮನೀ ಅಲ್ಲ, ಅಲ್ಲಿ ಕುಂತು ತಿನ್ನು" ಎಂದು ಶಕುಂತಲಮ್ಮ ತೀರ್ಪು ಕೊಟ್ಟರು. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಆ ಹುಡುಗ ಟೋಪಿ ಕೈಗವಸು ಹಾಕಿಕೊಂಡು ಬಂಗುಡೆ ತಿನ್ನುವುದನ್ನು ಎದುರು ಕಟ್ಟಡದವರೆಲ್ಲ ನೋಡಿದ್ದರು.

ಹೀಗೆ ಬಂದವರು ಎಷ್ಟು ಮಂದಿ? ಶಕುಂತಲಮ್ಮನಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಮರೆವಿನಿಂದ ಆದದ್ದಲ್ಲ, ವ್ರತದಿಂದ ಆದದ್ದು. ಗದಗ ಸೀಮೆಯ ಮಠವೊಂದರ ದಾಸೋಹದ ಮನೆಯಲ್ಲಿ ಆಕೆಯ ತಾಯಿ ರೊಟ್ಟಿ ಬಡಿಯುತ್ತಿದ್ದರು. ಎಂಟು ವರ್ಷದ ಶಕುಂತಲೆ ಒಂದು ದಿನ ಪಂಕ್ತಿಯಲ್ಲಿ ಕುಳಿತವರನ್ನು ಬೆರಳು ಮಾಡಿ ಎಣಿಸತೊಡಗಿದಾಗ, ತಾಯಿ ಸೌಟಿನ ಹಿಡಿಯಿಂದ ಮುಂಗೈಗೆ ಕೊಟ್ಟ ಪೆಟ್ಟಿನ ಉರಿ ಇಂದಿಗೂ ನೆನಪಿದೆ. ಬಂದವನು ಜಂಗಮ, ಅವನನ್ನು ಎಣಿಸಿದರೆ ಬಡಿಸಿದ್ದು ವ್ಯಾಪಾರವಾಗುತ್ತದೆ, ಬಡಿಸಿದವಳು ಅಂಗಡಿಯವಳಾಗುತ್ತಾಳೆ. ಶಾಲೆಯ ದೊಡ್ಡ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸಂಬಳಕ್ಕೆ ಅಡುಗೆ ಮಾಡಿದಾಗ ಶಕುಂತಲಮ್ಮ ತಟ್ಟೆಗಳನ್ನು ಎಣಿಸಿದ್ದಾರೆ. ಮನೆಯಲ್ಲಿ ಎಣಿಸಲಿಲ್ಲ.

ಈ ವ್ರತವೇ ಆಕೆಯ ಕೈಯಿಂದ ತಪ್ಪು ಮಾಡಿಸಿತು. ಹಿಂದಿನ ಅಕ್ಟೋಬರಿನಲ್ಲಿ ವಸತಿ ಸಂಸ್ಥೆಯಿಂದ ಪ್ರಶ್ನೆಗಳ ಒಂದು ಪತ್ರ ಬಂದಿತ್ತು. ಏಳನೆಯ ಪ್ರಶ್ನೆ: ಕಳೆದ ಹತ್ತು ವರ್ಷಗಳಲ್ಲಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮೊಡನೆ ಬೇರೆ ಯಾರಾದರೂ ವಾಸವಾಗಿದ್ದರೇ? ಇದ್ದರೆ ಅವರ ಹೆಸರುಗಳನ್ನು ಬರೆಯಿರಿ. ಲಿಂಗರಾಜರು ಪೆನ್ನಿನ ಮುಚ್ಚಳ ತೆಗೆದು, "ಮೊದಲ ವರ್ಷಾ, ಆಮ್ಯಾಲ..." ಎಂದು ಶುರುಮಾಡಿದ್ದರು.

"ಉಂಡವರ ಪಟ್ಟಿ ಬರೀತೀರೇನ್ರಿ?" ಶಕುಂತಲಮ್ಮ ಕೇಳಿದ ದನಿಗೆ ಪೆನ್ನು ನಿಂತಿತು. "ನಾಳೆ ಎಷ್ಟು ರೊಟ್ಟಿ ತಿಂದ್ರು ಅಂತನೂ ಕೇಳ್ತಾರ, ಅದನೂ ಬರೀರಿ. ಗೀಟು ಎಳೀರಿ ಅಲ್ಲಿ."

ಲಿಂಗರಾಜರು ಗೀಟು ಎಳೆದರು. ಆ ಗೀಟಿಗೆ ವಸತಿ ಸಂಸ್ಥೆಯ ಭಾಷೆಯಲ್ಲಿ ಖಾಲಿ ಎಂದು ಅರ್ಥ.

ಏಪ್ರಿಲಿನಲ್ಲಿ ಬಾಡಿಗೆದಾರರ ಸಭೆ ನಡೆಯಿತು. ಮೇಜಿನ ಮೇಲೆ ಕಾಫಿಯ ಹೂಜಿ, ದಾಲ್ಚಿನ್ನಿ ಬನ್ನಿನ ತಟ್ಟೆಗಳು. ಜನರನ್ನು ಮನೆಯಿಂದ ಎಬ್ಬಿಸುವಾಗಲೂ ಇಲ್ಲಿ ಮೊದಲು ಫೀಕಾ, ಎಂದರೆ ಕಾಫಿ ತಿಂಡಿ, ಆಗಬೇಕು. ಉಲ್ರಿಕಾ ಎಂಬ ಅಧಿಕಾರಿ, ನಲವತ್ತರ ಹೆಂಗಸು, ಗೋಡೆಯ ಮೇಲೆ ಚಿತ್ರಗಳನ್ನು ಬೆಳಗಿಸಿ ಮೃದುವಾಗಿ ವಿವರಿಸಿದಳು. ಅವಳ ಮಾತಿನಲ್ಲಿ ಎಲ್ಲಿಯೂ ಬಿಡಿ, ಹೊರಡಿ ಎಂಬ ಪದಗಳಿರಲಿಲ್ಲ. ನ್ಯಾಯವಾದ ಹಂಚಿಕೆ ಎಂದಳು, ನಿಮ್ಮ ವಯಸ್ಸಿಗೆ ಒಪ್ಪುವ ಮನೆ ಎಂದಳು, ಒಟ್ಟಾಗಿ ಸಾಗುವ ಪಯಣ ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಬೆಣ್ಣೆಯ ಮಾತಿಗೆ ಎಲ್ಲಿಂದ ಹಿಡಿ ಹಾಕುವುದು? ಶಕುಂತಲಮ್ಮನ ಮುಂದಿಟ್ಟ ಕಾಫಿ ಮುಟ್ಟದೆಯೇ ತಣ್ಣಗಾಯಿತು.

"ನನ್ನ ಮನೆಯ ಒಂದು ಕೋಣೆ ಖಾಲಿ ಇದೆ ಎಂದು ನಿಮಗೆ ಹೇಳಿದವರು ಯಾರು?" ಎದ್ದು ನಿಂತು ಸ್ವೀಡಿಷಿನಲ್ಲಿ ಕೇಳಿದರು.

ಉಲ್ರಿಕಾ ಪರದೆಯ ಮೇಲೆ ಹುಡುಕಿದಳು. "ನೀವೇ ಹೇಳಿದ್ದೀರಿ."

ಯಾರೋ ಸಣ್ಣಗೆ ನಕ್ಕರು. ಸಭೆ ಮುಗಿದ ಮೇಲೆ ಉಲ್ರಿಕಾ ತಾನಾಗಿಯೇ ಹತ್ತಿರ ಬಂದು, ಆ ಕೋಣೆಯಲ್ಲಿ ನಿಜವಾಗಿಯೂ ಜನ ಇರುತ್ತಿದ್ದರೆ ಅಂಥ ಮೂವರಿಂದ ಸಹಿ ಮಾಡಿಸಿದ ಪತ್ರಗಳನ್ನು ಮೇ ಹದಿನೈದರೊಳಗೆ ತಂದುಕೊಟ್ಟರೆ ಮೂರು ಕೋಣೆಗಳ ಮನೆ ಉಳಿಯಬಹುದೆಂದು ತಿಳಿಸಿದಳು. ಮೂವರು ಸಾಕು ಎಂದಳು, ದೊಡ್ಡ ಉಪಕಾರ ಮಾಡುವವಳಂತೆ.

ಶಕುಂತಲಮ್ಮ ಯಾರನ್ನೂ ಕೇಳಲು ಒಪ್ಪಲಿಲ್ಲ. ಲಿಂಗರಾಜರು, ಹೆಂಡತಿ ಬಟ್ಟೆ ಒಗೆಯಲೆಂದು ನೆಲಮಾಳಿಗೆಗೆ ಇಳಿದ ಹೊತ್ತು ನೋಡಿ, ತಾವೇ ಫೋನು ಹಿಡಿದರು. ವರ್ಷಾ ಎತ್ತಲಿಲ್ಲ, ಮರುದಿನ ಜೋಡಿಸಿದ ಎರಡು ಕೈಗಳ ಚಿತ್ರವೊಂದನ್ನು ಕಳಿಸಿದಳು. ಅದು ನಮಸ್ಕಾರವೋ ಕ್ಷಮಾಪಣೆಯೋ ತಿಳಿಯದೆ ಲಿಂಗರಾಜರು ಬಹಳ ಹೊತ್ತು ನೋಡಿದರು. ಸುಹಾಸ್ ಮಾತ್ರ, "ಅಂಕಲ್, ಫೋನಲ್ಲಿ ಬೇಡ, ಸಂಡೇ ಮನೆಗೇ ಬರ್ತೀನಿ" ಎಂದ.

ಬಂದ. ಹೊಸ ಕಾರು, ಮೈಸೂರು ಪಾಕಿನ ಪೊಟ್ಟಣ. ಬಂದವನೇ ಬಗ್ಗಿ ಇಬ್ಬರ ಕಾಲಿಗೂ ನಮಸ್ಕರಿಸಿದ. ಶಕುಂತಲಮ್ಮ ತಾಟು ಹಾಕಿದರು. ಮೂರು ರೊಟ್ಟಿ ಮುಗಿಯುವವರೆಗೆ ಅವನು ಆಫೀಸು, ಮಗುವಿನ ದಾಗಿಸ್ ಎಂಬ ಶಿಶುವಿಹಾರ, ಬೇಸಿಗೆ ಮನೆ ಎಂದು ಏನೇನೋ ಹೇಳಿದ. ಕೈ ತೊಳೆದು ಬಂದು ಗಂಟಲು ಸರಿಮಾಡಿಕೊಂಡ.

"ಅಂಕಲ್, ನೀವು ಕೇಳಿದ ಲೆಟರ್ ವಿಷ್ಯ... ಆಕ್ಚುಲಿ ಒಂದು ಪ್ರಾಬ್ಲಮ್ ಇದೆ. ಇಲ್ಲಿದ್ದಾಗ ನಾನು ಟ್ಯಾಕ್ಸ್ ಆಫೀಸಿಗೆ ಅಡ್ರೆಸ್ ಫ್ಲೆಮಿಂಗ್ಸ್‌ಬೆರ್ಯ್‌ದು ಕೊಟ್ಟಿದ್ದೆ, ಫ್ರೆಂಡ್ ಮನೇದು. ಈಗ ಸಿಟಿಜನ್‌ಶಿಪ್ ಅಪ್ಲಿಕೇಶನ್ ನಡೀತಿದೆ. ಇಲ್ಲಿದ್ದೆ ಅಂತ ಸೈನ್ ಮಾಡಿದ್ರೆ, ಅಲ್ಲಿ ಸುಳ್ಳು ಹೇಳ್ದೆ ಅಂತಾಗತ್ತೆ. ವರ್ಷಾದೂ ಸೇಮ್ ಕೇಸ್."

"ಹೌದೌದು," ಎಂದರು ಲಿಂಗರಾಜರು. "ನಿನಗ ತೊಂದ್ರಿ ಆಗೂದು ಬ್ಯಾಡ."

ಮಾತು ಅಲ್ಲಿಗೆ ನಿಂತಿದ್ದರೆ ಶಕುಂತಲಮ್ಮನೂ ಹಾಗೆಯೇ ಅನ್ನುತ್ತಿದ್ದರೇನೋ. ಆದರೆ ಸುಹಾಸನಿಗೆ ತನ್ನ ಅಂಜಿಕೆಗೆ ಒಂದು ಅಂಗಿ ತೊಡಿಸಬೇಕಿತ್ತು.

"ನೋಡಿ ಆಂಟಿ, ಒಂದ್ ಲೆಕ್ಕದಲ್ಲಿ ಒಳ್ಳೇದೇ ಆಯ್ತು. ಹೊಸ ಅಪಾರ್ಟ್‌ಮೆಂಟು, ಲಿಫ್ಟ್ ಇರತ್ತೆ. ಕ್ಲೀನ್ ಮಾಡೋದೂ ಕಮ್ಮಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆರಾಮಾಗಿರಬಹುದು. ಅಲ್ಲ, ಆ ರೂಮಲ್ಲಿ ಈಗ ಯಾರಿದಾರೆ ಹೇಳಿ? ಖಾಲಿ ತಾನೆ?"

ಶಕುಂತಲಮ್ಮ ಬೆಂಗಳೂರಿನವರ ಮುಂದೆ ತಮ್ಮ ಊರಿನ ಮಾತನ್ನು ಯಾವಾಗಲೂ ಸ್ವಲ್ಪ ತಿದ್ದಿ ಆಡುತ್ತಿದ್ದರು. ಈಗ ತಿದ್ದಲಿಲ್ಲ.

"ಏನಂದಿ? ಖಾಲಿ? ಆ ಮಾತು ಆಫೀಸಿನ ಹೆಂಗಸು ಅಂದಳು, ಅಕಿಗೆ ಗೊತ್ತಿಲ್ಲ, ಅಂದಳು. ನೀ ಅಂತೀಯೇನು? ಬೂಟಿನಾಗ ನೀರು ತುಂಬಿ ನಿನ್ನ ಕಾಲಬೆರಳು ನೀಲಿ ಆಗಿದ್ವು, ಇದ ಒಲೀ ಮುಂದ ಕುಂಡ್ರಿಸಿ ತಿಕ್ಕೀನಿ. ಐದು ತಿಂಗಳು ಆ ಮಂಚ ನಿನ್ನ ಹೊತ್ತತಿ. ಮಲಗಿದವನು ಎದ್ದು ಹ್ವಾದರ ಕೋಣಿ ಖಾಲಿ ಆಕ್ಕೈತೇನು? ಮುಂದ ಬರಾವಗ ಕಾದಿರತೈತಿ ಅದು!"

"ಆಂಟಿ, ನಾನ್ ಹಾಗ್ ಹೇಳಿಲ್ಲ..."

"ಸಹಿ ಮಾಡಲಾರಿ, ಬ್ಯಾಡ. ಅಂಜಿಕಿ ಐತಿ, ಇರಲಿ. ಆದರ ಅಂಜಿದವನು ಅಂಜೀನಿ ಅನ್ನಬೇಕು. ನನಗ ಬುದ್ಧಿ ಹೇಳಬಾರದು. ತಗೊಂಡ್ ಹೋಗು ನಿನ್ನ ಮೈಸೂರು ಪಾಕು!"

ಸುಹಾಸ್ ಹೋದ. ಪೊಟ್ಟಣವನ್ನು ಒಯ್ಯುವ ಧೈರ್ಯವೂ ಆಗಲಿಲ್ಲ, ಬಿಡುವ ಧೈರ್ಯವೂ ಆಗಲಿಲ್ಲ. ಹೊಸ್ತಿಲ ಹೊರಗೆ, ಬೂಟು ಬಿಡುವ ಕಡೆ ಇಟ್ಟು ಹೋಗಿದ್ದ.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ, ಭಸ್ಮ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕುಳಿತ ಶಕುಂತಲಮ್ಮನಿಗೆ ದೃಷ್ಟಿ ನಿಲ್ಲಲಿಲ್ಲ. ಕಣ್ಣೆದುರಿಗೆ ಲಿಂಗವಿತ್ತು, ಅದರಾಚೆ ಉಲ್ರಿಕಾಳ ಪರದೆಯಿತ್ತು, ಜೋಡಿಸಿದ ಎರಡು ಕೈಗಳ ಚಿತ್ರವಿತ್ತು, ಅಡ್ಜಸ್ಟ್ ಎಂಬ ಮಾತಿತ್ತು. ಕೋಪವು ಪೂಜೆಯನ್ನು ಕೆಡಿಸುತ್ತದೆಂದು ಆಕೆಗೆ ಬಾಲ್ಯದಿಂದ ಕಲಿಸಿದ್ದರು. ಆದರೆ ಈ ಕೋಪ ಪೂಜೆಯ ವೈರಿಯಲ್ಲವೆಂದು ಒಳಗಿನಿಂದ ಏನೋ ಹೇಳುತ್ತಿತ್ತು. ತನ್ನದನ್ನು ಕಸಿದುಕೊಂಡರೆಂಬ ಸಿಟ್ಟಾಗಿದ್ದರೆ ಅದನ್ನು ನುಂಗಬಹುದಿತ್ತು. ಕಸಿದುಕೊಂಡದ್ದು ಇನ್ನೂ ಬಾರದವನ ಮಂಚವನ್ನು. ಅವನ ಪರವಾಗಿ ಸಿಟ್ಟಾಗಲು ಈ ಭೂಮಿಯಲ್ಲಿ ಬೇರೆ ಯಾರಿದ್ದಾರೆ? ಆಕೆ ಲಿಂಗಕ್ಕೆ ಅದನ್ನೇ ಒಪ್ಪಿಸಿ ಎದ್ದರು.

ಮೇ ಹನ್ನೆರಡರಂದು ಮೆಲ್ವಿನ್ ಬಂದ. ಎಸ್ಕಿಲ್‌ಸ್ಟುನಾದಿಂದ ಎರಡು ರೈಲು ಬದಲಿಸಿ, ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಯಾರೂ ಅವನನ್ನು ಕೇಳಿರಲಿಲ್ಲ; ಸುಹಾಸನ ಬಾಯಿಂದ ಸುದ್ದಿ ತಿಳಿದಿತ್ತು. ಬಾಗಿಲಲ್ಲೇ ಜೇಬಿನಿಂದ ಒಂದು ಲಕೋಟೆ ತೆಗೆದ.

"ಅಮ್ಮ, ಎಲ್ಲ ಬರ್ದಿದ್ದೇನೆ. ಯಾವ ತಿಂಗಳಿಂದ ಯಾವ ತಿಂಗಳು, ಯಾವ ಮಂಚ. ಬಾಲ್ಕನಿ ವಿಷಯ ಸಹ."

"ಬಾಲ್ಕನಿ ಯಾಕ ಬರದ್ಯೋ ಹುಚ್ಚಪ್ಪಾ?"

"ಎದುರು ಬಿಲ್ಡಿಂಗಿನವರು ಸಾಕ್ಷಿ ಇದ್ದಾರಲ್ಲ!" ಎಂದು ನಕ್ಕ. ಶಕುಂತಲಮ್ಮ ನಗಲಿಲ್ಲ.

"ಉಂಡದ್ದಕ್ಕ ರಸೀದಿ ತಂದಿಯೇನು?"

"ರಸೀದಿ ಅಲ್ಲಮ್ಮ. ನೀವು ಎಣಿಸ್ಲಿಕ್ಕಿಲ್ಲ, ಅದು ನಿಮ್ಮ ನಿಯಮ. ನಾನು ಎಣಿಸ್ಬಾರ್ದು ಅಂತ ಎಲ್ಲಿದೆ?"

ಶಕುಂತಲಮ್ಮ ಲಕೋಟೆಯನ್ನು ಸೆರಗಿನಿಂದ ಒರೆಸಿ ಕೈಚೀಲದಲ್ಲಿಟ್ಟರು.

ಹದಿನೈದರಂದು ಗಂಡಹೆಂಡಿರು ವಸತಿ ಸಂಸ್ಥೆಯ ಕಚೇರಿಗೆ ಹೋದರು. ಒಂದೇ ಪತ್ರವಿದೆಯೆಂದಾಗ ಉಲ್ರಿಕಾ ತಲೆ ಓರೆಮಾಡಿದಳು. ಒಂದು ಸಾಲದು, ಆದರೆ ಒಂದಿದ್ದರೂ ಮೇಲ್ಮನವಿಗೆ ದಾರಿಯಾಗುತ್ತದೆ, ಬಹುಶಃ ಗೆಲ್ಲಲೂಬಹುದು ಎಂದಳು. ಲಿಂಗರಾಜರ ಮುಖ ಅರಳಿತು. ಶಕುಂತಲಮ್ಮ ಚೀಲದ ಒಳಗೆ ಕೈಹಾಕಿ, ಲಕೋಟೆಯನ್ನು ಹಿಡಿದು, ಹೊರಗೆ ತೆಗೆಯದೆ ಕೇಳಿದರು: "ಈ ಪತ್ರ ನಿಮ್ಮ ಹತ್ತಿರವೇ ಇರುತ್ತದೆಯೇ?"

"ಇಲ್ಲ, ತೆರಿಗೆ ಇಲಾಖೆಗೆ ಕಳಿಸುತ್ತೇವೆ. ಯಾರು ಎಲ್ಲಿ ವಾಸವಾಗಿದ್ದರು ಎಂಬ ದಾಖಲೆ ಅವರ ಬಳಿ ಇದೆ. ಹೋಲಿಸಿ ನೋಡುತ್ತಾರೆ."

"ಹೊಂದದಿದ್ದರೆ?"

"ಆಗ ಆ ವ್ಯಕ್ತಿಯನ್ನು ವಿಚಾರಿಸುತ್ತಾರೆ," ಎಂದು ಉಲ್ರಿಕಾ ಮೃದುವಾಗಿ ಹೇಳಿ, ಮೃದುವಾಗಿಯೇ ಕೈ ಚಾಚಿದಳು.

ಮೆಲ್ವಿನ್ ಅಂದು ದಾಖಲೆಗೆ ಕೊಟ್ಟಿದ್ದ ವಿಳಾಸವೂ ಬೇರೆಯೇ ಆಗಿತ್ತು. ಅದು ಅವನಿಗೂ ಗೊತ್ತಿತ್ತು; ಗೊತ್ತಿದ್ದೇ ಬರೆದಿದ್ದ. ಶಕುಂತಲಮ್ಮನ ಕೈ ಚೀಲದಿಂದ ಹೊರಬಂದಾಗ ಬರಿದಾಗಿತ್ತು.

"ಕೊಡು ಅದನ್ನ," ಲಿಂಗರಾಜರು ಪಿಸುಗುಟ್ಟಿದರು. "ಅಂವಾ ತಾನಾಗೇ ಕೊಟ್ಟಾನ."

"ಅಂವಾ ಕೊಟ್ಟಾನ. ನಾ ಕೊಡೂದಿಲ್ಲ." ಆಮೇಲೆ ಉಲ್ರಿಕಾಳ ಕಡೆ ತಿರುಗಿದರು. ಶಾಲೆಯ ಅಡುಗೆಮನೆಯಲ್ಲಿ ಕಲಿತ ಸ್ವೀಡಿಷ್ ಸರಳವಾದದ್ದು. ಅಂದು ಅದು ಸಾಣೆ ಹಿಡಿದ ಅಲಗಿನಂತಿತ್ತು. "ಕೇಳಿ. ನಿಮ್ಮ ದೇಶಕ್ಕೆ ಕೆಲಸಗಾರರು ಬೇಕಾಗಿದ್ದರು. ನೀವು ಕರೆದಿರಿ. ಮಲಗಲು ಜಾಗ ಕೊಡಲಿಲ್ಲ. ನಾನು ಕೊಟ್ಟೆ. ಈಗ ಜಾಗ ಕೊಟ್ಟದ್ದಕ್ಕೆ ಸಾಕ್ಷಿ ಕೇಳುತ್ತೀರಿ. ಸಾಕ್ಷಿ ಹೇಳಿದವನನ್ನು ಹಿಡಿಯುತ್ತೀರಿ. ಸಾಕ್ಷಿ ಇಲ್ಲದಿದ್ದರೆ ಕೋಣೆ ಹಿಡಿಯುತ್ತೀರಿ. ಇದನ್ನು ನ್ಯಾಯವಾದ ಹಂಚಿಕೆ ಎಂದು ಕರೆಯುತ್ತೀರಿ, ಮೇಲೆ ಬನ್ನು ತಿನ್ನಿಸುತ್ತೀರಿ. ನನಗೆ ನಿಮ್ಮ ಬೆಚ್ಚಗಿನ ವಂದನೆ ಬೇಡ. ಎರಡು ಕೋಣೆಗಳ ಮನೆಗೆ ಎಲ್ಲಿ ಸಹಿ ಮಾಡಬೇಕು, ತೋರಿಸಿ."

ಉಲ್ರಿಕಾ ಬೆರಳಿಟ್ಟು ತೋರಿಸಿದಳು. ಕಾಗದವನ್ನು ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆಗಸ್ಟಿನ ಕೊನೆಗೆ ಹೊಸ ಮನೆಗೆ ಹೋದರು. ಇಲ್ಲಿನ ಲೆಕ್ಕಕ್ಕೆ ಕೋಣೆಯೆನಿಸಿಕೊಳ್ಳುವ ಒಂದು ಹಜಾರ, ಒಂದು ಮಲಗುವ ಕೋಣೆ, ಕಿಟಕಿಯಿಂದ ಹೆದ್ದಾರಿ. ದೊಡ್ಡ ಜೋಡಿ ಮಂಚವನ್ನು ಸಾಗಿಸಿ ತಂದ ಆಳುಗಳು ಮಲಗುವ ಕೋಣೆಯತ್ತ ತಿರುಗಿದಾಗ ಶಕುಂತಲಮ್ಮ ಬಾಗಿಲಿಗೆ ಅಡ್ಡ ನಿಂತು, ಅದನ್ನು ಹಜಾರದ ಗೋಡೆಗೆ ಒತ್ತಿಸಿದರು. ಕೋಣೆಗೆ ಕಬ್ಬಿಣದ ಮಂಚ ಹೋಯಿತು, ಮೇಜು ಹೋಯಿತು, ಖಾನೆಯಲ್ಲಿ ಉಣ್ಣೆಯ ಕಾಲುಚೀಲಗಳು ಹೋದವು. ಲಿಂಗರಾಜರು ಸೊಂಟ ಹಿಡಿದುಕೊಂಡು ನೋಡಿದರು.

"ಈ ವಯಸ್ಸಿನ್ಯಾಗ ಇಬ್ಬರೂ ಹಜಾರದಾಗ ಬೀಳೂದೇನು? ಕೋಣಿ ಸುಮ್ಮನ ಇಟ್ಟು?"

"ಎರಡು ಕೋಣಿ ಕೊಟ್ಟಾರಲ್ಲ, ಲೆಕ್ಕ ಮಾಡಿ! ಒಂದು ನಮದು, ಒಂದು ಬರಾವರದು. ಬಾಗಿಲದಾಗಿಂದ ಸರೀರಿ, ಮೊಳಿ ಹೊಡೀಬೇಕು."

ಅಕ್ಟೋಬರಿನಲ್ಲಿ ಆ ಮಂಚಕ್ಕೆ ಪ್ರಜ್ಞೇಶ್ ಎಂಬ ಹುಡುಗ ಬಂದ. ಸ್ಯಾಂಡ್‌ವಿಕೆನ್‌ನಲ್ಲಿ ಕೆಲಸ, ಸೂರಿಲ್ಲ. ಅವನನ್ನು ಕಾರಿನಲ್ಲಿ ಕರೆತಂದವನು ಸುಹಾಸ್. ಹೊಸ್ತಿಲಲ್ಲಿ ನಿಂತು, ಹಜಾರದ ಜೋಡಿ ಮಂಚವನ್ನೂ ತೆರೆದ ಕೋಣೆಯನ್ನೂ ನೋಡಿ ಅವನ ಮುಖ ಕಪ್ಪಿಟ್ಟಿತು. "ಹೊರಡ್ತೀನಿ ಆಂಟಿ" ಎಂದ.

ಶಕುಂತಲಮ್ಮ ಅವನ ಮುಖ ನೋಡಲಿಲ್ಲ. ಬಾ ಎನ್ನಲಿಲ್ಲ. ಎರಡು ತಾಟು ಹಾಕಿ ಒಳಗೆ ಹೋದರು. ಬಾಗಿಲಿಗೆ ಬಂದವನು ಉಣ್ಣದೆ ಹೋಗುವಂತಿಲ್ಲ. ಹಾಗೆಂದು ಉಂಡವನ ಮೇಲಿನ ಸಿಟ್ಟು ಇಳಿಯಲೇಬೇಕೆಂದೂ ಇಲ್ಲ. ಹಿಟ್ಟು ನಾದಿ ಬಡಿಯತೊಡಗಿದರು. ಸುಹಾಸ್ ತಲೆ ತಗ್ಗಿಸಿ ಕುಳಿತ.

ಎರಡನೆಯ ರೊಟ್ಟಿಗೆ ಪಕ್ಕದ ಮನೆಯವರು ಗೋಡೆಗೆ ಗುದ್ದಿ ಆಕ್ಷೇಪಿಸಿದರು. ಬಿಸಿ ರೊಟ್ಟಿ ಹಿಡಿದು ಅವರ ಬಾಗಿಲಿಗೆ ಹೋಗುವ ಯೋಚನೆ ಈ ಸಲ ಶಕುಂತಲಮ್ಮನಿಗೆ ಬರಲಿಲ್ಲ. ಇನ್ನೊಂದು ಉಂಡೆ ಎತ್ತಿಕೊಂಡು, ಹೆದ್ದಾರಿಯ ಸದ್ದನ್ನೂ ಮೀರುವಂತೆ ಬಡಿದರು.